ನೋಡುವ ಊರನ್ನು ಕಟ್ಟಿದ ಬಗೆ

ಜಿಲ್ಲೆಗೊಂದು ರಂಗಮಂದಿರ, ತಾಲ್ಲೂಕಿಗೊಂದು ಕಲಾಭವನ ಎಂಬುದು ನಮ್ಮ ಸಾಂಸ್ಕೃತಿಕ ಚರ್ಚೆಗಳಲ್ಲಿ ಬಹಳ ಹಳೆಯ ಬೇಡಿಕೆ. ಬೇಡಿಕೆಯೇನೋ ನ್ಯಾಯವಾದದ್ದೇ. ಆದರೆ ಕಟ್ಟಡ ಎದ್ದು ನಿಂತ ಮೇಲೆ ಅದರೊಳಗೆ ಬಂದು ಕೂರುವವರು ಯಾರು, ಏನನ್ನು ನೋಡಲು ಬರುತ್ತಾರೆ, ನೋಡಿದ ಮೇಲೆ ಪರಸ್ಪರ ಏನು ಮಾತನಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಉದ್ಘಾಟನೆಯ ಫಲಕ ಗೋಡೆಗೆ ಬಿದ್ದೊಡನೆ ಸಂಸ್ಕೃತಿಯ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆಮೇಲೆ ಆ ಭವನ ಸನ್ಮಾನ ಸಮಾರಂಭಗಳಿಗೂ ಇಲಾಖಾ ಸಭೆಗಳಿಗೂ ಬಾಡಿಗೆಗೆ ಸಿಗುವ ಜಾಗವಾಗಿಬಿಟ್ಟರೆ ಜನರಿಗೆ ಅಭಿರುಚಿಯೇ ಇಲ್ಲವೆಂದು ಗೊಣಗುತ್ತೇವೆ.

ಈ ಮಾತಿನ ಹಿನ್ನೆಲೆಯಲ್ಲಿ ನನಗೆ ಎರಡು ಇಸವಿಗಳು ಬಹಳ ಮುಖ್ಯವೆನಿಸುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಮುಂದೆ ನಾಡೆಲ್ಲ ‘ನೀನಾಸಮ್’ ಎಂದು ಕರೆದದ್ದು ಈ ಸಂಘವನ್ನೇ. ಅದರ ಶಿವರಾಮ ಕಾರಂತ ರಂಗಮಂದಿರ ಸಿದ್ಧವಾದದ್ದು 1972ರಲ್ಲಿ. ಸಂಘಕ್ಕೂ ಕಟ್ಟಡಕ್ಕೂ ನಡುವೆ ಇಪ್ಪತ್ತಮೂರು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನಡೆದದ್ದು ಊರೊಂದು ನಾಟಕ ನೋಡುವುದನ್ನು, ಆಡುವುದನ್ನು, ಅದರ ಬಗ್ಗೆ ಜಗಳವಾಡುವುದನ್ನು ರೂಢಿ ಮಾಡಿಕೊಂಡ ಕೆಲಸ. ಕಟ್ಟಡ ಆ ರೂಢಿಗೆ ಸೂರಾಗಿ ಬಂತೇ ಹೊರತು ಕಟ್ಟಡದಿಂದ ರೂಢಿ ಹುಟ್ಟಲಿಲ್ಲ.

ನೀನಾಸಮ್ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆ. ಬಹುಪಾಲು ಬರಹಗಳಲ್ಲಿ ಅದು ನಾಟಕದ ಸಂಸ್ಥೆ, ಇನ್ನು ಕೆಲವರಿಗೆ ನಟರನ್ನು ತಯಾರಿಸುವ ಶಾಲೆ. ಎರಡೂ ನಿಜವೇ. ಆದರೆ ಅದರ ಏಳು ದಶಕಗಳಿಗೂ ಮಿಕ್ಕ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಪುಸ್ತಕ, ರಂಗಭೂಮಿ, ಸಿನಿಮಾ, ವಿಚಾರ ಸಂವಾದ ಇವೆಲ್ಲ ಒಂದಾದ ಮೇಲೊಂದು ಬಂದವು, ಮತ್ತು ಪ್ರತಿಯೊಂದೂ ಪ್ರೇಕ್ಷಕ ಸಮುದಾಯವನ್ನು ಇನ್ನಷ್ಟು ಗಟ್ಟಿ ಮಾಡಿತು. ಕಲಾವಿದರು ಆ ಸಮುದಾಯದ ನಡುವಿನಿಂದ ಎದ್ದರು. ಇಂದು ನಾಡಿನ ಸಾಂಸ್ಕೃತಿಕ ನೀತಿಯ ಬಗ್ಗೆ ಯೋಚಿಸುವವರು ಗಮನಿಸಬೇಕಾದದ್ದು ಈ ಕ್ರಮವನ್ನು.

ಆರಂಭದ ಕಾಲವನ್ನು ನೆನಪಿಸಿಕೊಳ್ಳೋಣ. ಸ್ವಾತಂತ್ರ್ಯ ಬಂದು ಎರಡೇ ವರ್ಷವಾಗಿತ್ತು. ಮುಂದೆರಡು ವರ್ಷಗಳಲ್ಲಿ, 1951ರಲ್ಲಿ, ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದು ತಾಲ್ಲೂಕಿನ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಹೊರಗಿನಿಂದ ನೋಡುವವರಿಗೆ ಅಡಿಕೆ ತೋಟಗಳ ತಣ್ಣನೆಯ ಮಲೆನಾಡಾಗಿ ಕಾಣುವ ಈ ಸೀಮೆ ಒಳಗೆ ಭೂಮಿಯ ಪ್ರಶ್ನೆಯಿಂದಲೂ ಮುಳುಗಡೆಯ ನೋವಿನಿಂದಲೂ ಕುದಿಯುತ್ತಿತ್ತು. ಇನ್ನೊಂದು ಕಡೆ, ಯಕ್ಷಗಾನದ ಮೇಳಗಳು ಊರೂರು ಸುತ್ತುತ್ತ ರಾತ್ರಿಯಿಡೀ ಆಟ ನೋಡುವ ಅಭ್ಯಾಸವನ್ನು ತಲೆಮಾರುಗಳಿಂದ ಉಳಿಸಿದ್ದ ಸೀಮೆಯೂ ಇದೇ. ನಾಟ್ಯಸೇವಾ ಸಂಘವನ್ನು ಕಟ್ಟಿದವರು ಇಂಥ ಊರಿನ ಕೃಷಿಕರು ಮತ್ತು ಅವರ ಮನೆಯ ಹುಡುಗರು. ಅವರಲ್ಲಿ ಯಾರಿಗೂ ಕಲೆ ಹೊಟ್ಟೆಪಾಡಾಗಿರಲಿಲ್ಲ.

ಆ ಹುಡುಗರಲ್ಲಿ ಒಬ್ಬರು ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಓದಿದವರು ಊರು ಬಿಡುವುದೇ ಪ್ರಗತಿಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತ ಸಂಘದ ಕೆಲಸಕ್ಕೆ ತೊಡಗಿದರು. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಗ್ಗೋಡಿನಲ್ಲಿ ಕುಳಿತೇ ಜಗತ್ತಿನ ಒಳ್ಳೆಯದನ್ನೆಲ್ಲ ಓದಬಹುದು, ನೋಡಬಹುದು, ಅದಕ್ಕಾಗಿ ಬೆಂಗಳೂರಿಗೋ ದೆಹಲಿಗೋ ಹೋಗಿ ಕೂರಬೇಕಿಲ್ಲ ಎಂಬ ಹಟ ಅದರಲ್ಲಿತ್ತು. ಮುಂದೆ ನಡೆದದ್ದೆಲ್ಲ ಆ ಹಟದ ವಿಸ್ತರಣೆ.

ಮೊದಲು ಬಂದದ್ದು ಪುಸ್ತಕ. 1950ರ ದಶಕದ ಉತ್ತರಾರ್ಧದಲ್ಲೇ ಸುಬ್ಬಣ್ಣ ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ಪ್ರಕಾಶನವೆಂದರೆ ಮೈಸೂರು, ಬೆಂಗಳೂರು, ಧಾರವಾಡ ಎಂದೇ ತಿಳಿದಿದ್ದ ದಿನಗಳಲ್ಲಿ ಹಳ್ಳಿಯೊಂದರ ವಿಳಾಸ ಹೊತ್ತ ಪುಸ್ತಕಗಳು ನವ್ಯ ಸಾಹಿತ್ಯದ ಓದುಗರ ಕೈಗೆ ಬಂದವು. ನಾಟಕದ ಸಂಘದ ಜೊತೆಜೊತೆಗೇ ಪ್ರಕಾಶನವೊಂದು ಬೆಳೆದದ್ದು ಮೇಲುನೋಟಕ್ಕೆ ಆಕಸ್ಮಿಕವೆನಿಸಬಹುದು. ಆದರೆ ರಂಗದ ಮೇಲೆ ಹೊಸ ನಾಟಕ ಬರಬೇಕಾದರೆ ಹೊಸ ಪಠ್ಯ ಬೇಕು, ಪಠ್ಯ ಬೇಕಾದರೆ ಅನುವಾದ ಬೇಕು, ಅನುವಾದಕ್ಕೆ ಓದುಗರು ಬೇಕು. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್ ಇವರೆಲ್ಲ ಮಲೆನಾಡಿನ ಕನ್ನಡದಲ್ಲಿ ಮಾತನಾಡಲು ಸಾಧ್ಯವಾದದ್ದರ ಹಿಂದೆ ಅಚ್ಚುಮನೆಯ ಈ ಶ್ರಮವೂ ಇದೆ.

ಎರಡನೆಯ ಹೆಜ್ಜೆ ಸಿನಿಮಾ. 1973ರಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಕಾಲವನ್ನು ಗಮನಿಸಬೇಕು. 1970ರಲ್ಲಿ ‘ಸಂಸ್ಕಾರ’ ಬಂದು ಕನ್ನಡದ ಹೊಸ ಅಲೆಯ ಚಿತ್ರಗಳ ಬಗ್ಗೆ ಮಾತು ಹುಟ್ಟಿತ್ತು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಸ್ಥಾಪನೆಯಾಗಿತ್ತು. ಫಿಲ್ಮ್ ಸೊಸೈಟಿಯೆಂದರೆ ಇಂಗ್ಲಿಷ್ ಬಲ್ಲ ನಗರದ ವಿದ್ಯಾವಂತರು ಸೇರಿ ವಿದೇಶಿ ಚಿತ್ರ ನೋಡುವ ಕೂಟ ಎಂಬುದು ಆಗಿನ ಸಾಮಾನ್ಯ ಕಲ್ಪನೆ. ಹೆಗ್ಗೋಡಿನವರು ಆ ಕಲ್ಪನೆಯನ್ನು ಒಪ್ಪಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರ ರಸಗ್ರಹಣವನ್ನು ಕಲಿಸುತ್ತಿದ್ದ ಸತೀಶ್ ಬಹಾದೂರ್ ಅಂಥವರು ಇಲ್ಲಿಗೆ ಬಂದು ಪಾಠ ಮಾಡಿದರು. ಸತ್ಯಜಿತ್ ರಾಯ್, ಕುರೊಸಾವಾ, ಚಾಪ್ಲಿನ್ ಮುಂತಾದವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಕುಳಿತು ನೋಡಿದರು. ಸುಬ್ಬಣ್ಣ ಸಿನಿಮಾದ ಬಗ್ಗೆ ಕನ್ನಡದಲ್ಲಿ ಬರೆದರು.

ಇದರಿಂದ ರುಜುವಾತಾದದ್ದೇನು? ಹಳ್ಳಿಯವರಿಗೆ ಇಂಥ ಚಿತ್ರಗಳು ಅರ್ಥವಾಗುವುದಿಲ್ಲ ಎಂದು ನಗರಗಳಲ್ಲಿ ಹೇಳುತ್ತಿದ್ದ ಮಾತು ಹುಸಿಯೆಂಬುದು. ಬಡತನ, ಸಾಲ, ಅಣ್ಣತಮ್ಮಂದಿರ ಜಗಳ, ಮಕ್ಕಳ ಹಸಿವು ಇವು ಯಾವ ಭಾಷೆಯ ಚಿತ್ರದಲ್ಲಿದ್ದರೂ ಅವನ್ನು ಬಲ್ಲವರಿಗೆ ಗುರುತು ಸಿಗುತ್ತವೆ. ಹಾಗೆ ನೋಡಿದರೆ ರಾಯ್ ಅವರ ಬಂಗಾಳದ ಹಳ್ಳಿ ನಮ್ಮ ಬಡಾವಣೆಗಳಿಗಿಂತ ಹೆಗ್ಗೋಡಿಗೇ ಹತ್ತಿರ. ಬೇಕಾದದ್ದು ನೋಡುವ ಅವಕಾಶ, ನೋಡಿದ ಮೇಲೆ ಮಾತನಾಡುವ ಬಿಡುವು, ಮತ್ತು ಆ ಮಾತು ಕನ್ನಡದಲ್ಲಿರುವುದು.

ಮೂರನೆಯದು ಕಲಿಕೆ. 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭವಾಗಿ, ನಾಡಿನ ಬೇರೆ ಬೇರೆ ಮೂಲೆಗಳ ಹುಡುಗ ಹುಡುಗಿಯರು ಅಲ್ಲಿ ಉಳಿದು ಕಲಿಯತೊಡಗಿದರು. ಅದುವರೆಗೆ ರಂಗಶಿಕ್ಷಣಕ್ಕೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಬೇಕಿತ್ತು. ಹಿಂದಿ, ಇಂಗ್ಲಿಷ್ ಬರಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ, ತಾಲ್ಲೂಕಿನಾಚೆ ಹೋಗದ ಯುವಕನಿಗೆ ಆ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಹೆಗ್ಗೋಡಿನ ಶಾಲೆ ಆ ಅಡಚಣೆಯನ್ನು ತೆಗೆಯಿತು. ಇಲ್ಲಿನ ವಿದ್ಯಾರ್ಥಿ ನೋಟವನ್ನೂ ಕಲಿಯಬೇಕಿತ್ತು. ಆತನ ಎದುರಿಗಿದ್ದವರು ದಶಕಗಳಿಂದ ನಾಟಕ ನೋಡಿ ಪಳಗಿದ ಊರಿನವರು. ತಪ್ಪಿದ್ದನ್ನು ತಪ್ಪೆಂದು ಹೇಳಲು ಅವರಿಗೆ ಸಂಕೋಚವಿರಲಿಲ್ಲ.

1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ಚಿತ್ರೋತ್ಸವಗಳೂ ರಂಗ ಶಿಬಿರಗಳೂ ಹೆಗ್ಗೋಡನ್ನು ದಾಟಿ ರಾಜ್ಯದ ಇತರ ಹಳ್ಳಿ, ಪಟ್ಟಣಗಳಿಗೆ ಹೋದವು. ಉತ್ತರ ಕನ್ನಡದ ಸಿದ್ದಿ ಸಮುದಾಯದವರು ಆಫ್ರಿಕಾದ ಲೇಖಕ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಕನ್ನಡದಲ್ಲಿ ಆಡಿದ್ದು ಈ ಕೆಲಸದ ಫಲ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯವರು, ನಮ್ಮ ಕಾಡಂಚಿನಲ್ಲಿ ಕೂಲಿ ಮಾಡಿಕೊಂಡಿದ್ದವರು, ಆಫ್ರಿಕಾದ ಕಥೆಯನ್ನು ನಮ್ಮ ಭಾಷೆಯಲ್ಲಿ ನಮಗೇ ಹೇಳಿದ ಆ ಸಂದರ್ಭ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಸಣ್ಣದಲ್ಲ. ಮುಂದೆ ಆ ಸಮುದಾಯದಿಂದ ರಂಗಶಿಕ್ಷಣ ಪಡೆದ ನಟರು ಬಂದರು; ಪ್ರಶಾಂತ್ ಸಿದ್ದಿ ಕನ್ನಡ ಚಿತ್ರಗಳ ಪ್ರೇಕ್ಷಕರಿಗೆ ಪರಿಚಿತ ಮುಖ.

ವಿದೇಶಿ ಹಣದ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ. ಆದರೆ ಹಣ ಎಲ್ಲಿಂದ ಬಂತು ಎಂಬುದರ ಜೊತೆಗೆ, ಹಣ ನಿಂತ ಮೇಲೆ ಏನು ಉಳಿಯಿತು ಎಂದೂ ಕೇಳಬೇಕು. ಜನಸ್ಪಂದನ ಮುಗಿದ 1985ರಲ್ಲೇ ‘ತಿರುಗಾಟ’ ಆರಂಭವಾಯಿತು. ಯೋಜನೆ ಮುಗಿದ ಕಡೆ ಕೆಲಸ ಮುಗಿಯಲಿಲ್ಲ. ತಿರುಗಾಟ ಎಂಬ ಹೆಸರೇ ಯಕ್ಷಗಾನ ಮೇಳಗಳಿಂದ ಬಂದದ್ದು. ವರ್ಷಕ್ಕೆ ಕೆಲವು ನಾಟಕಗಳನ್ನು ಸಿದ್ಧಪಡಿಸಿಕೊಂಡು ತಂಡವೊಂದು ತಿಂಗಳುಗಟ್ಟಲೆ ರಾಜ್ಯ ಸುತ್ತುತ್ತದೆ. ನಟರೇ ಸಾಮಾನು ಇಳಿಸಿ ರಂಗಸಜ್ಜಿಕೆ ಕಟ್ಟುತ್ತಾರೆ, ಆಟ ಮುಗಿದ ಮೇಲೆ ಬಿಚ್ಚಿ ಮುಂದಿನ ಊರಿಗೆ ಹೊರಡುತ್ತಾರೆ.

ತಿರುಗಾಟದ ನಿಜವಾದ ಬಲ ಅದನ್ನು ಬರಮಾಡಿಕೊಳ್ಳುವವರಲ್ಲಿದೆ ಎಂದು ನನ್ನ ಅಭಿಪ್ರಾಯ. ಪ್ರತಿ ಊರಿನಲ್ಲೂ ಯಾರೋ ಒಬ್ಬ ಶಾಲಾ ಮೇಷ್ಟರು, ಬ್ಯಾಂಕಿನ ನೌಕರರು, ಅಂಗಡಿಯವರು ಸೇರಿ ಸಭಾಂಗಣ ಗೊತ್ತುಮಾಡಬೇಕು, ಟಿಕೆಟ್ಟು ಮಾರಬೇಕು, ತಂಡದವರ ಊಟ ವಸತಿ ನೋಡಿಕೊಳ್ಳಬೇಕು. ಒಂದು ಸಂಜೆಯ ನಾಟಕಕ್ಕಾಗಿ ಊರಿನ ಹತ್ತು ಜನ ವಾರಗಟ್ಟಲೆ ಓಡಾಡುತ್ತಾರೆ. ಮರುವರ್ಷ ಮತ್ತೆ ಓಡಾಡುತ್ತಾರೆ. ಹೀಗೆ ಓಡಾಡಿದವರ ನಡುವೆ ಬೆಳೆಯುವ ಒಡನಾಟವನ್ನು ಯಾವ ಇಲಾಖೆಯ ಸುತ್ತೋಲೆಯೂ ಹುಟ್ಟಿಸಲಾರದು.

ಇದಕ್ಕೆ ಪೂರಕವಾಗಿ ಬಂದದ್ದು ‘ಮಾತುಕತೆ’ ಎಂಬ ಪತ್ರಿಕೆ ಮತ್ತು ಪ್ರತಿ ವರ್ಷ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರ. ಚಿತ್ರ ರಸಗ್ರಹಣದ ಶಿಬಿರವಾಗಿ ಆರಂಭವಾದದ್ದು ಕ್ರಮೇಣ ಸಾಹಿತ್ಯ, ಸಂಗೀತ, ರಾಜಕೀಯ, ತತ್ತ್ವಶಾಸ್ತ್ರಗಳನ್ನೆಲ್ಲ ಒಳಗೊಂಡ ಸಂವಾದವಾಯಿತು. ಯು.ಆರ್. ಅನಂತಮೂರ್ತಿಯವರಂಥ ಲೇಖಕರು ಅಲ್ಲಿ ವರ್ಷ ವರ್ಷವೂ ಮಾತನಾಡಿದ್ದಾರೆ. ಮೊದಲ ಬಾರಿ ಬಂದ ಕಾಲೇಜು ಹುಡುಗಿಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿದ್ದಾರೆ. ಸಂಜೆ ಎಲ್ಲರೂ ಒಟ್ಟಿಗೆ ನಾಟಕ ನೋಡುತ್ತಾರೆ, ಮಾರನೆಯ ಬೆಳಗ್ಗೆ ಅದೇ ನಾಟಕವನ್ನು ಚರ್ಚಿಸುತ್ತಾರೆ.

ಇಷ್ಟು ಹೇಳಿ ಮಂಗಳ ಹಾಡಿಬಿಟ್ಟರೆ ಅದು ಪ್ರಾಮಾಣಿಕ ಬರಹವಾಗುವುದಿಲ್ಲ. ನೀನಾಸಮ್ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಅದನ್ನು ತಳಮಟ್ಟದ ಸಂಘಟನೆ ಎನ್ನುವಾಗ ತಳವೆಂದರೆ ಯಾವುದು? ಅಡಿಕೆ ತೋಟದ ಒಡೆಯರಿಗೆ ಇದ್ದ ಬಿಡುವು, ಅಕ್ಷರದ ಬಲ ಮತ್ತು ಸಾಮಾಜಿಕ ಸ್ಥಾನ ಅದೇ ತೋಟದಲ್ಲಿ ಕೊನೆ ಕೊಯ್ಯುವವರಿಗೆ ಇರಲಿಲ್ಲ. ಗೇಣಿದಾರರು ನೆಲಕ್ಕಾಗಿ ಹೋರಾಡಿದ ಕಾಗೋಡು ಇರುವುದು ಹೆಗ್ಗೋಡಿರುವ ತಾಲ್ಲೂಕಿನಲ್ಲೇ ಎಂಬುದನ್ನು ಮರೆಯಬಾರದು. ಹೀಗಾಗಿ ಇದು ಮೇಲ್ಜಾತಿಯ ಭೂಮಾಲೀಕರ ಸಾಂಸ್ಕೃತಿಕ ಸಾಹಸ ಎಂಬ ಟೀಕೆಯನ್ನು ಕೇವಲ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. ಆರಂಭಿಸಿದವರ ಹಿನ್ನೆಲೆಯನ್ನು ಯಾವ ಸಂಸ್ಥೆಯೂ ಬದಲಿಸಲಾರದು. ಬಾಗಿಲು ಯಾರಿಗೆ ತೆರೆದಿದೆ, ಒಳಬಂದವರಿಗೆ ರಂಗದ ನಡುವೆ ನಿಲ್ಲುವ ಅವಕಾಶ ಸಿಗುತ್ತದೆಯೇ ಎಂಬುದನ್ನು ಮಾತ್ರ ಬದಲಿಸಬಹುದು. ಸಿದ್ದಿಗಳೊಂದಿಗಿನ ಕೆಲಸ, ರಂಗಶಿಕ್ಷಣ ಕೇಂದ್ರಕ್ಕೆ ಎಲ್ಲ ಸಮುದಾಯಗಳಿಂದ ಬಂದ ವಿದ್ಯಾರ್ಥಿಗಳು ಆ ದಿಕ್ಕಿನ ಹೆಜ್ಜೆಗಳು. ಆದರೂ ಪ್ರಶ್ನೆ ಒಮ್ಮೆ ಉತ್ತರಿಸಿ ಮುಗಿಸುವಂಥದಲ್ಲ. ಪ್ರತಿ ತಲೆಮಾರೂ ಅದನ್ನು ಮತ್ತೆ ಎದುರಿಸಬೇಕು.

ಎರಡನೆಯ ಪ್ರಶ್ನೆ ಜೀವನೋಪಾಯದ್ದು. ರಂಗಶಿಕ್ಷಣ ಪಡೆದವರು ಸಿನಿಮಾಕ್ಕೂ ಕಿರುತೆರೆಗೂ ಹೋಗಿಬಿಡುತ್ತಾರೆಂದು ಆಕ್ಷೇಪಿಸುವವರಿದ್ದಾರೆ. ಅಚ್ಯುತ್ ಕುಮಾರ್ ಅವರಂಥ ನಟರಿಂದ ಕನ್ನಡ ಸಿನಿಮಾ ಪಡೆದುಕೊಂಡದ್ದು ಕಡಿಮೆಯಲ್ಲ. ಸತೀಶ್ ಅವರಂತೂ ನೀನಾಸಮ್ ಎಂಬುದನ್ನು ತಮ್ಮ ಹೆಸರಿನೊಂದಿಗೇ ಒಯ್ದರು. ನಾಟಕದಲ್ಲಿ ಉಳಿದವರಿಗೆ ಸಂಸಾರ ನಡೆಸುವಷ್ಟು ಆದಾಯವಿಲ್ಲದಿದ್ದರೆ ಅವರು ಹೋದದ್ದನ್ನು ದೂರುವ ಹಕ್ಕು ಟಿಕೆಟ್ಟು ಕೊಳ್ಳದ ನಮಗೆ ಇದೆಯೇ?

ಮೂರನೆಯದು ವ್ಯಕ್ತಿಯ ನೆರಳು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸುಬ್ಬಣ್ಣನವರ ಹೆಸರಿಗೆ. ಅದು ಅರ್ಹವೇ, ಆದರೆ ಕೂಡಿ ಮಾಡಿದ ಕೆಲಸಕ್ಕೆ ಒಬ್ಬರ ಹೆಸರು ಅಂಟಿಕೊಂಡಾಗ ಆ ಒಬ್ಬರು ಇಲ್ಲವಾದ ದಿನ ಏನಾಗುತ್ತದೆಂಬ ಆತಂಕ ಸಹಜ. 2005ರ ಜುಲೈನಲ್ಲಿ ಸುಬ್ಬಣ್ಣ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ತಂಡಗಳು ಸ್ಥಾಪಕರೊಡನೆ ಮುಗಿದಿವೆ. ಹೆಗ್ಗೋಡಿನಲ್ಲಿ ಹಾಗಾಗಲಿಲ್ಲ. ಅವರ ಮಗ ಕೆ.ವಿ. ಅಕ್ಷರ ಮತ್ತು ಸಂಗಡಿಗರು ಕೆಲಸವನ್ನು ಮುಂದುವರಿಸಿದರು. ಸುಬ್ಬಣ್ಣ ತೀರಿಕೊಂಡ ಎರಡು ದಶಕಗಳ ಮೇಲೂ ಶಾಲೆ, ತಿರುಗಾಟ, ಶಿಬಿರಗಳು ಉಳಿದಿವೆ. ಮಗ ಉತ್ತರಾಧಿಕಾರಿಯಾದದ್ದನ್ನು ಟೀಕಿಸಬಹುದು. ಆದರೆ ಊರಿನ ಪ್ರೇಕ್ಷಕರು ಬರುವುದನ್ನು ನಿಲ್ಲಿಸಿದ್ದರೆ ಮಗನಿಂದಲೂ ಏನೂ ಆಗುತ್ತಿರಲಿಲ್ಲ ಎಂಬುದು ಅಷ್ಟೇ ನಿಜ.

ಬೆಳವಣಿಗೆಯ ಬಗ್ಗೆ ಇನ್ನೊಂದು ಮಾತು. ನೀನಾಸಮ್ ಶಾಖೆಗಳನ್ನು ತೆರೆಯಲಿಲ್ಲ, ನಗರಕ್ಕೆ ಕಚೇರಿ ಸಾಗಿಸಲಿಲ್ಲ. ಅದರ ಬದಲು ಅಲ್ಲಿ ಕಲಿತವರು, ಅದನ್ನು ನೋಡಿದವರು ತಮ್ಮ ತಮ್ಮ ಊರುಗಳಲ್ಲಿ ತಮ್ಮದೇ ರೀತಿಯ ಕೆಲಸ ಕಟ್ಟಿದರು. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರ ಕಿನ್ನರ ಮೇಳ ಮಕ್ಕಳ ರಂಗಭೂಮಿಯನ್ನು ಬೆಳೆಸಿತು. ಮೈಸೂರಿನಲ್ಲಿ ಮಂಡ್ಯ ರಮೇಶ್ ‘ನಟನ’ವನ್ನು ಕಟ್ಟಿದರು. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದ ಶಿವಸಂಚಾರ ಮಠದ ಅಂಗಳದಿಂದ ನಾಟಕಗಳನ್ನು ನಾಡಿಗೆ ಒಯ್ಯಿತು. ಇವು ಒಂದರಂತೆ ಒಂದಿಲ್ಲ, ಇರಬೇಕಾಗಿಯೂ ಇಲ್ಲ. ಸಂಸ್ಕೃತಿಯ ಕೆಲಸ ಹರಡುವ ಆರೋಗ್ಯಕರ ಬಗೆ ಇದೇ.

ಈಗಿನ ಸ್ಥಿತಿಗೆ ಬರೋಣ. ಜಗತ್ತಿನ ಅತ್ಯುತ್ತಮ ಚಿತ್ರಗಳು ಇಂದು ಅಂಗೈಯ ಮೊಬೈಲಿನಲ್ಲಿವೆ. ಪ್ರೊಜೆಕ್ಟರು, ರೀಲಿನ ಪೆಟ್ಟಿಗೆಗಳಿಗಾಗಿ 1970ರ ದಶಕದಲ್ಲಿ ಹೆಗ್ಗೋಡಿನವರು ಪಟ್ಟ ಪಾಡು ಈಗಿನವರಿಗೆ ಬೇಕಿಲ್ಲ. ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಬರೆದದ್ದನ್ನು ಪ್ರಕಟಿಸಲು ಅಚ್ಚುಮನೆ ಬೇಕಿಲ್ಲ. ಮಾಧ್ಯಮಗಳ ಬಡತನ ಮುಗಿದಿದೆ. ಆದರೆ ಒಟ್ಟಿಗೆ ಕೂತು ನೋಡುವ, ಆಮೇಲೆ ಒಪ್ಪದವನ ಮುಖ ನೋಡಿಕೊಂಡೇ ವಾದಿಸುವ ಅವಕಾಶ ಕಡಿಮೆಯಾಗಿದೆ. ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಪರದೆಗಳನ್ನು ನೋಡುತ್ತಿರುವಾಗ ಊರು ಒಟ್ಟಾಗಿ ನೋಡುವುದು ಹೇಗೆ? ಒಟ್ಟಾಗಿ ನೋಡದ ಊರು ತನ್ನ ಜಾತಿ, ನೀರು, ನೆಲದ ಪ್ರಶ್ನೆಗಳನ್ನು ಒಟ್ಟಾಗಿ ಮಾತನಾಡುವುದು ಹೇಗೆ? ಇಲ್ಲಿ ಪಣಕ್ಕಿರುವುದು ಕಲೆಯ ಉಳಿವಷ್ಟೇ ಅಲ್ಲ.

ಹೀಗಿರುವಾಗ ಸರ್ಕಾರದಿಂದ ನಿರೀಕ್ಷಿಸಬೇಕಾದದ್ದು ಉತ್ಸವಗಳನ್ನಲ್ಲ. ಒಂದು ರಾತ್ರಿಯ ಉತ್ಸವಕ್ಕೆ ಸುರಿಯುವ ಹಣದ ಒಂದು ಪಾಲನ್ನು ವರ್ಷವಿಡೀ ಕೆಲಸ ಮಾಡುವ ಸಣ್ಣ ತಂಡಗಳಿಗೆ, ಮೂರು ಅಥವಾ ಐದು ವರ್ಷಗಳ ಭರವಸೆಯೊಂದಿಗೆ ಕೊಡುವುದು ಸಾಧ್ಯ. ಅನುದಾನ ಬರುತ್ತದೆಯೋ ಇಲ್ಲವೋ ಎಂದು ಪ್ರತಿ ಮಾರ್ಚಿನಲ್ಲಿ ಕಾಯುವ ತಂಡ ಮುಂದಿನ ವರ್ಷದ ನಾಟಕವನ್ನು ಯೋಚಿಸಲಾರದು. ಕಾಲೇಜುಗಳು ತಮ್ಮ ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ತಿರುಗಾಟದ ತಂಡವನ್ನು ಕರೆಸಿ, ಮರುದಿನ ಒಂದು ತರಗತಿಯನ್ನು ಆ ನಾಟಕದ ಚರ್ಚೆಗೆ ಬಿಡಬಹುದು.

ಇನ್ನು ಓದುಗರಾದ ನಾವು. ನಗರದ ಮಧ್ಯಮವರ್ಗದವರಾದ ನಮಗೆ ಹೆಗ್ಗೋಡನ್ನು ಹೊಗಳುವುದು ಒಂದು ಅಭ್ಯಾಸವಾಗಿದೆ. ಅದು ದೂರದಲ್ಲಿರುವುದರಿಂದ ಹೊಗಳಿಕೆಗೆ ಖರ್ಚಿಲ್ಲ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಚಿತ್ರ ತೋರಿಸಿ ಮಾತನಾಡುವ ಇಪ್ಪತ್ತು ಜನರ ಕೂಟವನ್ನು ನಾವು ಏಕೆ ಕಟ್ಟಿಲ್ಲ ಎಂದು ಕೇಳಿಕೊಂಡರೆ ಹೊಗಳಿಕೆಯ ಪೊಳ್ಳುತನ ತಿಳಿಯುತ್ತದೆ. ಸಮಯವಿಲ್ಲ ಎಂಬ ಉತ್ತರ ಸಾಲದು. ತೋಟದ ಕೆಲಸವಿದ್ದವರಿಗೂ ಸಮಯ ಇರಲಿಲ್ಲ.

ಸುಬ್ಬಣ್ಣನವರು ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಕುರಿತು ಆಳವಾಗಿ ಚಿಂತಿಸಿದ್ದರು. ಕನ್ನಡ ನಾಡು ತನ್ನತನ ಬಿಡದೆಯೂ ಜಗತ್ತಿನೊಳಗೆ ಬೆರೆತಿರುತ್ತದೆಂಬ ಆ ಕೃತಿಯ ಕಾಣ್ಕೆ ಅವರಿಗೆ ಪ್ರಿಯವಾಗಿತ್ತು. ಅದನ್ನು ಅವರು ಮತ್ತು ಅವರ ಊರಿನವರು ಪುಸ್ತಕದಲ್ಲಿ ಬರೆಯುವ ಮೊದಲೇ ರಂಗದ ಮೇಲೆ, ಬೆಳ್ಳಿತೆರೆಯ ಮುಂದೆ ಆಚರಿಸಿ ತೋರಿಸಿದ್ದರು.

ತಾಲ್ಲೂಕಿಗೊಂದು ಕಲಾಭವನ ಬೇಡವೆಂದು ನಾನು ಹೇಳುತ್ತಿಲ್ಲ. ಬರಲಿ. ಆದರೆ ಅದಕ್ಕೆ ಮೊದಲು ಅದರೊಳಗೆ ಕೂರುವವರು ಒಂದು ಕಡೆ ಸೇರಲು ಶುರುಮಾಡಿರಬೇಕು; ಶಾಲೆಯ ಜಗಲಿಯಾದರೂ ಸರಿ, ದೇವಸ್ಥಾನದ ಪ್ರಾಂಗಣವಾದರೂ ಸರಿ. ಹೆಗ್ಗೋಡಿಗೆ ಅದಕ್ಕೆ ಇಪ್ಪತ್ತಮೂರು ವರ್ಷ ಹಿಡಿಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಸರ್ಕಾರಗಳಿಗೆ ಅಷ್ಟು ತಾಳ್ಮೆ ಇರಲಾರದು. ಊರುಗಳಿಗೆ ಇರಬಹುದು, ಇರಬೇಕು.